ಶೇಖರನ ಎರಡು ಚೆಂಡು

ನನ್ನ ಮಾತು ಅರ್ಧಕ್ಕರ್ಧ ಸುಳ್ಳು ಅಂತ ಇಡೀ ಕೊಪ್ಪಕ್ಕೆ ಗೊತ್ತು. ಪಾಪ, ಶೇಖರ ಮಾತ್ರ ನಂಬುತ್ತಿದ್ದ. ಕಾಳುಮೆಣಸು ಕೊಯ್ಯುವಾಗ ಏಣಿಯಿಂದ ಬಿದ್ದು ಸೊಂಟ ಮುರಿದುಕೊಂಡಿದ್ದ. ಅವನಿಗೆ ಖುಷಿಯಾಗಲೆಂದು ಒಂದು ಚೆಂಡಿನ ಮೇಲೆ ನಾನೇ ಸಹಿ ಗೀಚಿ, ಅವನ ಮೆಚ್ಚಿನ ಇಂಡಿಯಾ ಬೌಲರ್ ಕೊಟ್ಟದ್ದು ಅಂದಿದ್ದೆ. ವರ್ಷವಿಡೀ ಅದು ಅವನ ದಿಂಬಿನ ಪಕ್ಕದಲ್ಲೇ ಇತ್ತು.

ಮರುವರ್ಷ ಆ ಬೌಲರ್ ನಿಜವಾಗಿಯೂ ಶೃಂಗೇರಿಗೆ ಬಂದ. ಜನರನ್ನು ತಳ್ಳಿಕೊಂಡು ಹೋಗಿ ಶೇಖರನ ವಿಷಯ ಹೇಳಿದೆ. ಪುಣ್ಯಾತ್ಮ ಪೂರ್ತಿ ಕೇಳಿಸಿಕೊಂಡು, ನಾನು ಒಯ್ದಿದ್ದ ಹೊಸ ಚೆಂಡಿಗೆ ಸಹಿ ಹಾಕಿದ.

ಅಷ್ಟರಲ್ಲಿ ಮಲಗಿ ಮಲಗಿ ಶೇಖರನ ಬೆನ್ನು ಹುಣ್ಣಾಗಿ, ನಂಜೇರಿ, ಡಾಕ್ಟರು ಕೈಚೆಲ್ಲಿದ್ದರು. ಇದೂ ಆ ಬೌಲರನದೇ ಸಹಿ ಅಂತ ಹೊಸ ಚೆಂಡು ಕೊಟ್ಟೆ. ಅವನು ಎರಡೂ ಚೆಂಡು ಹಿಡಿದು ನೋಡಿದ.

"ಸಹಿ ಹೊಂದುವುದೇ ಇಲ್ಲವಲ್ಲ ಮಾರಾಯ! ಸಾಯುವವನ ಹತ್ತಿರವೂ ನಿನ್ನ ಆಟವಾ?"

ನಿಜ ಬಾಯಿಗೆ ಬಂದಿತ್ತು. ಆದರೆ ಅವನ ಕೈ ಹಳೇ ಚೆಂಡನ್ನು ಬಿಗಿಯಾಗಿ ಹಿಡಿದಿತ್ತು.

"ಸಿಕ್ಕಿಬಿದ್ದೆ ಕಣೋ, ಈ ಹೊಸದು ನಾನೇ ಗೀಚಿದ್ದು" ಅಂದೆ.

ಅವನು ನಕ್ಕ. ವಾರದೊಳಗೆ ಹೋಗಿಬಿಟ್ಟ. ಹಳೇ ಚೆಂಡನ್ನು ಅವನ ಅಣ್ಣ ಚಿತೆಯ ಮೇಲಿಟ್ಟ.

ಇನ್ನೊಂದು ನಮ್ಮ ಮನೆ ಶೋಕೇಸಿನಲ್ಲಿದೆ. ಬಂದವರೆಲ್ಲ "ಇದೂ ನಿಂದೇ ಕೈಚಳಕವಾ?" ಅಂತ ಕೇಳುತ್ತಾರೆ. ಹೌದು ಅನ್ನುತ್ತೇನೆ. ಶೇಖರನಿಗೆ ಹೇಳಿದ ಮಾತು, ಬದಲಾಯಿಸುವುದು ಹೇಗೆ?