ಮೂಗಿನ ಎತ್ತರದ ಕಿಟಕಿ

ಅರವತ್ತರ ದಶಕದ ಮೊದಲ ವರ್ಷಗಳು. ಶಿಕ್ಷಕಿಯ ತರಬೇತಿ ಮುಗಿಸಿ ಮನೆಯಲ್ಲಿ ಕೂತಿದ್ದ ನನಗೆ, ಕಡಿಯಾಳಿಯ ಕೆಲವು ಹೆಂಗಸರು ಸೇರಿ ಶುರುಮಾಡಿದ ಶಿಶುವಿಹಾರದಲ್ಲಿ ಕೆಲಸ ಸಿಕ್ಕಿತು. ಶಿಶುವಿಹಾರವೆಂದರೆ ಒಂದೇ ಕೋಣೆ. ಮೊದಲು ಅದರಲ್ಲಿ ಹುಲ್ಲಿನಲ್ಲಿ ಬಿಗಿದು ಕಟ್ಟಿದ ಅಕ್ಕಿಮುಡಿ ಇಡುತ್ತಿದ್ದರಂತೆ. ಅದನ್ನು ಬಿಟ್ಟುಕೊಟ್ಟ ಹಿರಿಯರನ್ನು ನಾವೆಲ್ಲ ದೊಡ್ಡಮ್ಮ ಎನ್ನುತ್ತಿದ್ದೆವು.

ಮಕ್ಕಳು ಹದಿನೆಂಟು. ಅವರಲ್ಲಿ ಕೊಂಕಣಿ ಮನೆಮಾತಿನ ಮೂರೂವರೆ ವರ್ಷದ ಒಬ್ಬ ಹುಡುಗಿ. ಅವಳ ತಾಯಿ ಬೆಳಿಗ್ಗೆ ಮಗುವನ್ನು ಬಿಟ್ಟು ಎದುರಿನ ರಸ್ತೆಯಲ್ಲಿ ಮಣಿಪಾಲದ ಬಸ್ಸು ಹತ್ತುತ್ತಿದ್ದರು. ತಾಯಿ ಹೊಸ್ತಿಲು ದಾಟಿದ ಕೂಡಲೇ ಹುಡುಗಿಯ ಅಳು ಶುರು. ಹಾಡಿದೆ, ಬೆಲ್ಲ ಕೊಟ್ಟೆ, ಗೊಂಬೆ ಕೊಟ್ಟೆ. ಅವಳು ಗೋಡೆಗೆ ಆತುಕೊಂಡು ಅತ್ತೇ ಅತ್ತಳು. ಅವಳ ಕೊಂಕಣಿ ನನಗೆ ಬಾರದು, ನನ್ನ ತುಳು ಅವಳಿಗೆ ಬಾರದು.

ಒಂದು ದಿನ ಬೆಳಿಗ್ಗೆ ಯಾವುದೋ ಮಗುವಿನ ಕಿವಿಯ ಓಲೆ ಬಿದ್ದುಹೋಯಿತು. ಅಂಬೆಗಾಲಿಟ್ಟು ಕೋಣೆಯೆಲ್ಲ ಹುಡುಕಿದೆ. ಓಲೆ ಚಾಪೆಯ ಅಡಿ ಸಿಕ್ಕಿತು. ಉಸ್ಸೆಂದು ಅಲ್ಲೇ ಕೂತು ತಲೆಯೆತ್ತಿದರೆ, ಸುತ್ತ ಬರೀ ಗೋಡೆ! ಚೀಲ ತೂಗುಹಾಕುವ ಮೊಳೆಗಳು ಎಲ್ಲೋ ಆಕಾಶದಲ್ಲಿ. ಕಿಟಕಿಯಲ್ಲಿ ತೆಂಗಿನ ಗರಿ ಬಿಟ್ಟರೆ ಮತ್ತೇನೂ ಇಲ್ಲ. ಪಕ್ಕದಲ್ಲೇ ಆ ಹುಡುಗಿ ಎರಡೂ ಕೈ ಮೇಲೆತ್ತಿ ಕಿಟಕಿಗೆ ಎಟುಕಲಾರದೆ ನಿಂತಿದ್ದಳು.

ನನಗೆ ಆಗ ಹೊಳೆಯಿತು. ಎತ್ತಿ ಹಿಡಿದೆ. ಅಳು ನಿಂತಿತು. ಎದುರಿನ ರಸ್ತೆಯಲ್ಲಿ ಇನ್ನೂ ಕಾಯುತ್ತಿದ್ದ ತಾಯಿ ಬಸ್ಸು ಹತ್ತಿದ್ದನ್ನೂ ಬಸ್ಸು ತಿರುವಿನಲ್ಲಿ ಮರೆಯಾದದ್ದನ್ನೂ ನೋಡಿದಳು. ಆಮೇಲೆ ತಾನಾಗಿಯೇ ಜಾರಿ ಇಳಿದು ಆಟಕ್ಕೆ ಹೋದಳು.

ಮರುದಿನದಿಂದ ಹದಿನೆಂಟು ಮಕ್ಕಳಿಗೂ ಬಸ್ಸು ನೋಡಬೇಕು. ಎತ್ತಿ ಇಳಿಸಿ ನನ್ನ ಸೊಂಟ ಬಿದ್ದುಹೋಯಿತು. ಹಿರಿಯಡ್ಕದಿಂದ ಬಡಗಿ ಆಚಾರ್ರನ್ನು ಕರೆಸಿದೆ. ಕಿಟಕಿ ತಗ್ಗಿಸಬೇಕು ಎಂದಾಗ ಅವರು, "ಎಷ್ಟು ಎತ್ತರಕ್ಕೆ ಟೀಚರ್ರೇ?" ಎಂದು ಕೇಳಿದರು.

ನಾನು ಮಕ್ಕಳನ್ನು ಗೋಡೆಗೆ ಸಾಲಾಗಿ ನಿಲ್ಲಿಸಿ, ಒಬ್ಬೊಬ್ಬರ ಮೂಗಿನ ಮಟ್ಟಕ್ಕೂ ಸೀಮೆಸುಣ್ಣದ ಗೆರೆ ಹಾಕಿದೆ. ಆಚಾರ್ರು ನಕ್ಕರು. "ಮನೆ ಕಟ್ಟುವಾಗ ನಾವು ಯಜಮಾನರ ಅಳತೆ ಹಿಡಿಯುದು. ಇಲ್ಲಿ ಯಜಮಾನರು ಹದಿನೆಂಟು ಮಂದಿ ಉಂಟಲ್ಲ ಮಾರಾಯ್ರೆ!"

ದೊಡ್ಡಮ್ಮ ಮಾತ್ರ ಒಪ್ಪಲಿಲ್ಲ. "ಗಟ್ಟಿ ಗೋಡೆಯನ್ನು ಕಡಿಯುದು ಎಂತಕ್ಕೆ? ಕಿಟಕಿ ಉಂಟಲ್ಲ, ಗಾಳಿ ಬರ್ತದಲ್ಲ?"

ವಾದ ಮಾಡುವ ಧೈರ್ಯ ನನಗಿರಲಿಲ್ಲ. "ಒಮ್ಮೆ ಈ ಚಾಪೆಯಲ್ಲಿ ಕೂತು ನೋಡಿ ದೊಡ್ಡಮ್ಮ," ಎಂದೆ. ಗೊಣಗುತ್ತಲೇ ಕೂತರು. ಮಕ್ಕಳೂ ಬಂದು ಸುತ್ತ ಕೂತರು.

"ಎಂತ ಕಾಣ್ತದೆ?"

"ಎಂತ ಕಾಣುದು? ಗೋಡೆ." ಕತ್ತೆತ್ತಿ ಕಿಟಕಿಯವರೆಗೂ ನೋಡಿದರು. "ಈ ಗೋಡೆ ಇಷ್ಟು ದೊಡ್ಡದು ಅಂತ ನನಗೆ ಗೊತ್ತೇ ಇರ್ಲಿಲ್ಲ ನೋಡು. ಕಡೀಲಿ ಅತ್ಲಾಗೆ. ಮೊದಲು ನನ್ನನ್ನು ಎಬ್ಬಿಸಿ."

ಎಬ್ಬಿಸಲು ನಾನೂ ಆಚಾರ್ರೂ ಸಾಲಲಿಲ್ಲ. ಹಿಂದಿನಿಂದ ಐದಾರು ಮಕ್ಕಳು ದೂಡಿದರು. ದೊಡ್ಡಮ್ಮ ನಕ್ಕೂ ನಕ್ಕೂ ಮತ್ತೆ ಕೂತುಬಿಟ್ಟರು.

ಆಚಾರ್ರು ಗಾರೆಯವರೊಬ್ಬರನ್ನು ಕರೆತಂದು ಕೆಂಪುಕಲ್ಲಿನ ಎರಡು ಸಾಲು ತೆಗೆಸಿದರು. ಕಿಟಕಿ ಎಲ್ಲಕ್ಕಿಂತ ಕೆಳಗಿನ ಗೆರೆಯವರೆಗೆ ಇಳಿದು ಬಂತು. ಹಿಂದೆಯೇ ಮೊಳೆಗಳೂ ಇಳಿದವು. ನೀರಿನ ಮಡಕೆಗೆ ಗಿಡ್ಡ ಮಣೆ ಬಂತು. ಬೆಂಚುಗಳ ಕಾಲು ಕತ್ತರಿಸಿದೆವು. ಮೊದಲ ಬಾರಿಗೆ ಕಾಲು ನೆಲ ಮುಟ್ಟಿದ ಖುಷಿಗೆ ಮಕ್ಕಳೆಲ್ಲ ಕೂತಲ್ಲೇ ಧಬಧಬ ಬಡಿದು ಧೂಳೆಬ್ಬಿಸಿದರು. ಅದುವರೆಗೆ ಪ್ರತಿಯೊಂದಕ್ಕೂ "ಟೀಚರ್, ಟೀಚರ್" ಎನ್ನುತ್ತಿದ್ದವರು ತಾವೇ ಚೀಲ ತೂಗುಹಾಕಿದರು, ತಾವೇ ನೀರು ಕುಡಿದರು. ಅರ್ಧ ನೀರು ಅಂಗಿಯ ಮೇಲೆ ಬೀಳುತ್ತಿತ್ತು, ಅದು ಬೇರೆ ಮಾತು.

ತಿಂಗಳು ಕಳೆಯುವುದರೊಳಗೆ ಕೊಂಕಣಿ ಹುಡುಗಿಯ ತಾಯಿ ಸಂಕೋಚದಿಂದ ಬಂದು ನಿಂತರು. "ಟೀಚರ್, ಇವಳು ಈಗ ಮನೆಯ ಕಿಟಕಿಯನ್ನೂ ಇಳಿಸಿ ಅಂತ ಹಠ ಮಾಡ್ತಾಳೆ. ನಮ್ಮದು ಬಾಡಿಗೆ ಮನೆ, ಅಲ್ವಾ? ಎಂತ ಮಾಡುದು?"

ಕಿಟಕಿಯ ಕೆಲಸದಲ್ಲಿ ಉಳಿದ ಹಲಗೆಯಲ್ಲಿ ಆಚಾರ್ರು ಒಂದು ಪುಟ್ಟ ಸ್ಟೂಲು ಮಾಡಿಕೊಟ್ಟರು. ತಾಯಿ ಕೈ ಚಾಚಿದರೆ ಹುಡುಗಿ ಬಿಡಲಿಲ್ಲ. ಸ್ಟೂಲನ್ನು ತಲೆಯ ಮೇಲೆ ಬೋರಲಾಗಿ ಹೊತ್ತು, ಅದರ ನಾಲ್ಕೂ ಕಾಲು ಮೇಲೆ ಮಾಡಿಕೊಂಡು, ರಸ್ತೆಯುದ್ದಕ್ಕೂ ಜಂಬದಿಂದ ನಡೆದುಹೋದಳು.