ಟಾಪ್ ಎಳೆದುಕೊಳ್ಳುವ ಕೈ

ಕುದುರೆ ಓಡಿಸುವುದನ್ನು ಕಲಿಯಲು ಹೋಗುತ್ತಿದ್ದೇನೆಂದು ನಾನು ಶಾಲೆಯಲ್ಲಿ ಒಂದು ನರಪಿಳ್ಳೆಗೂ ಹೇಳಿರಲಿಲ್ಲ. ಹನೂರು ಕಡೆಯ ಒಂದು ಹೈಸ್ಕೂಲಿನಲ್ಲಿ ನಾನು ಪಿ.ಟಿ. ಮೇಡಂ. ಬಾಯಿ ಜೋರು ಎಂದೇ ಹೆಸರು. ಓಟದ ಅಭ್ಯಾಸದಲ್ಲಿ ಯಾವ ಹುಡುಗಿಯಾದರೂ ಅರ್ಧ ದಾರಿಯಲ್ಲಿ ಯೂನಿಫಾರಂ ಕೆಳಗೆಳೆದುಕೊಂಡರೆ ಸಾಕು, ಮೈದಾನದ ಆ ತುದಿಯಿಂದಲೇ ಅರಚುತ್ತೇನೆ: "ಕೈ ಬಿಡೇ! ನಿನ್ನನ್ನ ನೋಡೋಕೆ ಯಾರಿಗೂ ಪುರುಸೊತ್ತಿಲ್ಲ, ಓಡು!" ಇಂಥ ಮೇಡಂ ಕುದುರೆಯಿಂದ ಬಿದ್ದಳೆಂದು ಗೊತ್ತಾದರೆ ಆ ಮಕ್ಕಳು ಸುಮ್ಮನೆ ಬಿಟ್ಟಾವೆಯೇ?

ಕುದುರೆ ನನ್ನ ಸೋದರಮಾವನದು. ಅವನ ಮನೆ ಶಾಗ್ಯವೆಂಬ ಹಳ್ಳಿಯಲ್ಲಿ. ಮದುವೆ ಮೆರವಣಿಗೆಗೆಂದು ಕೊಳ್ಳೇಗಾಲ, ಯಳಂದೂರಿನವರೆಗೂ ಅದನ್ನು ಕರೆದೊಯ್ಯುತ್ತಾನೆ. ಬಿಳಿಯ ಹೆಣ್ಣು ಕುದುರೆ, ತಮಟೆಗೂ ಬೆದರದು, ಪಟಾಕಿಗೂ ಬೆದರದು. ಮುಹೂರ್ತವಿಲ್ಲದ ತಿಂಗಳುಗಳಲ್ಲಿ ಮಾತ್ರ ನಿಂತಲ್ಲೇ ನಿಂತು ಕೊಬ್ಬುತ್ತಿತ್ತು. ಮಾವನಿಗೆ ಮಂಡಿನೋವು. "ನೀನಾರ ಓಡ್ಸವ್ವ, ಪಿ.ಟಿ. ಮೇಡಮ್ಮು ಅಂತೀಯಲ್ಲ" ಎಂದ. ನನಗೆ ಚಿಕ್ಕಂದಿನಿಂದ ಆ ಆಸೆಯಿತ್ತು. ನಲವತ್ತು ದಾಟಿದವಳು ಅದನ್ನು ಬಾಯಿಬಿಟ್ಟು ಹೇಳುವುದು ಹೇಗೆ ಎಂದು ಸುಮ್ಮನಿದ್ದೆ, ಅಷ್ಟೆ. ಭಾನುವಾರ ಬೆಳಿಗ್ಗೆ ನಾನಿರುವ ಕೊಳ್ಳೇಗಾಲದಿಂದ ಬಸ್ಸು ಹತ್ತತೊಡಗಿದೆ.

ನಡಿಗೆ ಬಂತು. ಮೈಯನ್ನು ಎತ್ತಿ ಕುಕ್ಕುವ ಸಣ್ಣ ಓಟವೂ ಬಂತು. ಇನ್ನು ನಾಗಾಲೋಟ. "ಈಗ ಜೀನಿನ ಮ್ಯಾಲೆ ಕೂರಂಗಿಲ್ಲ ಕಣವ್ವ" ಎಂದ ಮಾವ. "ರಿಕಾಪಲ್ಲಿ ಪಾದ ಊರಿ ಮ್ಯಾಕೆದ್ದು, ಮುಂದುಕ್ಕೆ ಬಗ್ಗು. ಅದರ ಬೆನ್ನ ಅದುಕ್ಕೆ ಬುಟ್ಬುಡು."

ಜೋಳ ಮುರಿದು ಖಾಲಿ ಬಿದ್ದ ಹೊಲ. ಪಕ್ಕದ ಹೊಲದಲ್ಲಿ ಹೆಂಗಸರು ಅವರೆಕಾಯಿ ಬಿಡಿಸುತ್ತಿದ್ದರು. ಕುದುರೆ ಓಟ ಎತ್ತಿಕೊಂಡಿತು, ನಾನೂ ಎದ್ದು ಬಗ್ಗಿದೆ. ಅಯ್ಯೋ, ಎರಡೇ ಉಸಿರಿಗೆ ಅದು ಕತ್ತು ಕೊಡವಿ, ಓರೆಯಾಗಿ ತಿರುಗಿ ನಿಂತುಬಿಟ್ಟಿತು. ಮತ್ತೆ ಓಡಿಸಿದೆ, ಮತ್ತೆ ನಿಂತಿತು. ಮುಂದಿನ ವಾರ ಹೋದಾಗಲೂ ಅದೇ ಕಥೆ. "ಮದುವೆ ಮನೇಲಿ ತಿಂದು ತಿಂದು ಇದಕ್ಕೆ ಸೋಮಾರಿತನ ಬಂದಿದೆ ಮಾವ!" ಎಂದು ರೇಗಿದೆ. ಮಾವ ಏನೋ ಹೇಳಲು ಬಾಯಿ ತೆರೆದವನು, ಎಲೆಯಡಿಕೆ ಉಗಿಯುವ ನೆಪದಲ್ಲಿ ಅತ್ತ ತಿರುಗಿಕೊಂಡ.

ಹೇಳಿದವಳು ಅತ್ತೆ. ಮಜ್ಜಿಗೆ ಚೊಂಬು ಹಿಡಿದು ಹೊಲಕ್ಕೆ ಬಂದವಳು ನಾನು ಓಡಿಸುವುದನ್ನು ನೋಡಿ ಸೊಂಟ ಹಿಡಿದುಕೊಂಡು ನಕ್ಕಳು. "ಅಲ್ಲ ಕೂಸೇ, ಒಂದ್ ಕೈಲಿ ಕುದ್ರೆ, ಇನ್ನೊಂದ್ ಕೈಲಿ ಕುಂಡಿ ಇಡ್ಕಂಡ್ರೆ ಅದೆಂಗ್ ಓಡೀತು?"

ಮೊದಲು ಅರ್ಥವಾಗಲಿಲ್ಲ. ಆಮೇಲೆ ನೋಡಿಕೊಂಡೆ: ನನ್ನ ಎಡಗೈ ಇನ್ನೂ ಬೆನ್ನ ಹಿಂದೆಯೇ ಇತ್ತು, ಟಾಪಿನ ಅಂಚನ್ನು ಕೆಳಗೆ ಎಳೆದು ಹಿಡಿದಿತ್ತು. ಎದ್ದು ಬಗ್ಗಿದಾಗಲೆಲ್ಲ ಆ ಕೈ ತಾನಾಗಿ ಹಿಂದಕ್ಕೆ ಹೋಗುತ್ತಿತ್ತು. ಹೋದೊಡನೆ ಮೈತೂಕ ತಪ್ಪಿ, ಬೀಳಬಾರದೆಂದು ಬಲಗೈಯ ಲಗಾಮಿಗೇ ಜೋತುಬೀಳುತ್ತಿದ್ದೆ.

ಮಾವ ನಗಲಿಲ್ಲ. ಕುದುರೆಯ ತುಟಿ ಬಿಡಿಸಿ ತೋರಿಸಿದ. ಕಡಿವಾಣ ಕೂರುವ ಮೂಲೆ ಕಿತ್ತು ಕೆಂಪಗಾಗಿತ್ತು, ನೊರೆಯಲ್ಲಿ ರಕ್ತದ ಎಳೆಯಿತ್ತು. "ಬಾಯಿ ಕೆಟ್ರೆ ಮುಗೀತು ಕಣವ್ವ. ನಾಳೆ ಮದ್ವೆ ಗಂಡ್ನ ಕೂರುಸ್ಕಂಡು ಮುಂಗಾಲೆತ್ತುದ್ರೆ, ಆಮ್ಯಾಕೆ ನನ್ನ ಯಾರ್ ಕರೆದಾರು?"

ನಾಚಿಕೆಯಿಂದ ಸತ್ತೇ ಹೋದೆ. ಅವರೆ ಬಿಡಿಸುವವರಲ್ಲಿ ಒಬ್ಬಳೂ ತಲೆಯೆತ್ತಿ ನನ್ನನ್ನು ನೋಡಿರಲಿಲ್ಲ. ಅವರು ನೋಡಿಯಾರೆಂದು ನಾನು ಒಂದು ಮೂಕಪ್ರಾಣಿಯ ಬಾಯಿ ಹರಿದಿದ್ದೆ. ಥೂ ನಿನ್ನ, ಮಕ್ಕಳಿಗೆ ಬುದ್ಧಿ ಹೇಳುವ ಮುಖ ನೋಡು ಎಂದು ಬಸ್ಸಿನಲ್ಲಿ ಕೂತು ನನಗೆ ನಾನೇ ಬೈದುಕೊಂಡೆ. ಅಂದಿನಿಂದ ಮೈದಾನದಲ್ಲಿ ಹುಡುಗಿಯರು ಬಟ್ಟೆ ಎಳೆದುಕೊಂಡರೂ ಅರಚಲು ಬಾಯಿ ಬರುತ್ತಿರಲಿಲ್ಲ.

ಎಷ್ಟೋ ಭಾನುವಾರ ಶಾಗ್ಯದ ಕಡೆ ತಲೆ ಹಾಕಲಿಲ್ಲ. ಕೊನೆಗೆ ಮಾವನೇ ಫೋನ್ ಮಾಡಿದ. "ಗಾಯ ಮಾಯ್ತು, ಬಾ. ಅರ್ಧಕ್ಕೇ ಬುಟ್ಟೋದ್ರೆ ನಿಂಗೂ ಬರಲ್ಲ, ಅದುಕ್ಕೂ ಭಯ ಓಗಲ್ಲ."

ಹೋದೆ. ಮಾವ ಕುದುರೆಗೆ ಕಡಿವಾಣ ಹಾಕಿರಲಿಲ್ಲ, ಮುಖಕ್ಕೆ ಬರಿಯ ಹಗ್ಗ ಕಟ್ಟಿದ್ದ. "ಎಲ್ಡು ಕೈಲೂ ಕತ್ತಿನ ಜೂಲು ಇಡ್ಕ. ಪ್ರಾಣ ಓದ್ರೂ ಬುಡಬ್ಯಾಡ." ಬಿಡಲಿಲ್ಲ. ಎದ್ದು ಬಗ್ಗಿದೆ. ಟಾಪ್ ಹಾರಿ ಬೆನ್ನಿನ ಮೇಲೆ ಬಿದ್ದದ್ದು ಗೊತ್ತಾಯಿತು, ಬೆರಳುಗಳು ತುಡಿದವು, ಇನ್ನೂ ಬಿಗಿಯಾಗಿ ಜೂಲು ಹಿಡಿದೆ. ಆಗ ಕುಕ್ಕುವುದು ನಿಂತೇಹೋಯಿತು. ಹೊಲ ಕೆಳಗೆ ಸರ್ರನೆ ಹಿಂದಕ್ಕೆ ಹೋಗುತ್ತಿತ್ತು, ಕಣ್ಣಲ್ಲಿ ನೀರು, ಬಾಯ್ತುಂಬ ಧೂಳು. ಬದುವಿನಿಂದ ಯಾರೋ "ಓಡ್ಸವ್ವಾ, ಓಡ್ಸು!" ಎಂದು ಕೂಗಿದರು. ಅಷ್ಟು ಸುಖವನ್ನು ನಾನು ಯಾವತ್ತೂ ಕಂಡಿರಲಿಲ್ಲ.

ಇಳಿದೆ. ಅದರ ಕೆನ್ನೆ ಸವರಲೆಂದು ಕೈ ಎತ್ತಿದೆ. ಕುದುರೆ ಕಿವಿ ಹಿಂದಕ್ಕೆ ಮಡಚಿ, ತಲೆಯನ್ನು ಮೇಲಕ್ಕೆಸೆದು ಹಿಂದೆ ಸರಿಯಿತು. ಅತ್ತೆ ಹುರುಳಿ ತಂದಳು. ಅವಳ ಅಂಗೈಗೆ ತುಟಿ ಹಚ್ಚಿ ನಿರಾಳವಾಗಿ ತಿಂದಿತು.

"ಬುಡು, ಮರ್ತೋಯ್ತದೆ" ಎಂದ ಮಾವ.

ನಾನು ಎರಡೂ ಕೈ ಹಿಂದೆ ಕಟ್ಟಿಕೊಂಡು ದೂರ ನಿಂತೆ.