ಕಳುವಾಗದ ಕರಡಿಗೆ

ವಿಮೆ ಕಂಪನಿಯ ಸರ್ವೇಯರು ನಮ್ಮ ಪಡಸಾಲೆಯಲ್ಲಿ ಕುಳಿತು ಮೊದಲು ಕೇಳಿದ್ದು ಕಳುವಾದ ಬಂಗಾರದ ಸರದ ಬಗ್ಗೆ.

'ಬೋರಮಾಳದ ಬಿಲ್ ಎಲ್ಲದರಿ?'

'ಶಹಾಬಾದದ ಅಕ್ಕಸಾಲಿಗ ಒಂದ್ ಚೀಟಿ ಬರ್ದು ಕೊಟ್ಟಿದ್ದನ್ರಿ. ಬೋರಮಾಳದ ಡಬ್ಬಿಯೊಳಗ ಇಟ್ಟಿದ್ದೆ.'

'ಡಬ್ಬಿ ಎಲ್ಲದ?'

'ಡಬ್ಬಿ ಸಮೇತ ಒಯ್ದಾರ್ರಿ.'

ಅವರು ನಗಲಿಲ್ಲ. ಚಹಾ ಬೇಡವೆಂದರು. 'ಹಿಂಗ ಎಲ್ಲಾರೂ ಹೇಳ್ತಾರ್ರಿ ಯಜಮಾನ್ರ. ಕನಿಷ್ಠ ಫೋಟೋ ಆದ್ರೂ ಹುಡುಕಿ ಇಡ್ರಿ. ಬರೋ ವಾರ ಬರ್ತೀನಿ' ಎಂದು ಎದ್ದರು. ಹೋಗುವಾಗ ಮುರಿದ ಹಿಂಬಾಗಿಲ ಚಿಲಕವನ್ನು ಎರಡು ಸಲ ಬಗ್ಗಿ ನೋಡಿದರು. ಅದನ್ನು ನಾನೇ ಮುರಿದಿದ್ದೇನೆ ಎಂದುಕೊಂಡರೋ ಏನೋ.

ಚಂದಾಪುರದಲ್ಲಿ ಸಂಬಂಧಿಕರ ಮದುವೆ ಮುಗಿಸಿಕೊಂಡು ನಾವು ಸೇಡಮ್ಮಿಗೆ ಮರಳಿದ ದಿನ ಆ ಚಿಲಕ ಮುರಿದಿತ್ತು. ಹೆಂಡತಿಯ ಬೋರಮಾಳ, ಬೆಳ್ಳಿಯ ತಟ್ಟೆ, ತಾಮ್ರದ ಹಂಡೆ, ಶಹಾಬಾದದ ಕಲ್ಲು ಪಾಲಿಶ್ ಕಾರ್ಖಾನೆಯವರು ನನ್ನ ನಿವೃತ್ತಿಯ ದಿನ ಕೊಟ್ಟ ಕೈಗಡಿಯಾರ, ಇಷ್ಟು ಹೋಗಿದ್ದವು. ಪೊಲೀಸರು ಬಂದು ಬರೆದುಕೊಂಡು ಹೋದರು. ನನಗೆ ಎಲ್ಲರ ಮೇಲೂ ಸಂಶಯ. ಬಚ್ಚಲು ರಿಪೇರಿ ಮಾಡಿದ ವಾಡಿಯ ಗೌಂಡಿ ಟ್ರಂಕಿನ ಕಡೆ ಯಾಕೆ ನೋಡಿದ್ದ? ಹಾಲಿನವನು ಮದುವೆ ಎಷ್ಟು ದಿನ ಎಂದು ಯಾಕೆ ಕೇಳಿದ್ದ? ಹೆಂಡತಿಯ ಸಂಶಯ ಮಾತ್ರ ಮನೆ ಬಿಟ್ಟು ಹೊರಗೆ ಹೋಗಲಿಲ್ಲ. 'ಕಡೀಕ ಕೀಲಿ ಹಾಕಿದೋರು ಯಾರು, ಅದು ಕೇಳ್ರಿ' ಎಂದಳು.

ಮದುವೆಗೆ ಹೊರಟಾಗ ಕೊನೆಗೆ ಕೀಲಿ ಹಾಕಿ ನಮ್ಮ ಜೋಡಿ ಬಂದವಳು ನನ್ನ ತಂಗಿ. ವಾಡಿಯಲ್ಲಿ ರೈಲ್ವೆ ನೌಕರಿಯಲ್ಲಿದ್ದ ಗಂಡ ತೀರಿಕೊಂಡ ಮೇಲೆ ನಮ್ಮ ಹಿಂದಿನ ಕೋಣೆಗೆ ಬಂದು, ರವಿಕೆ ಹೊಲಿಯುತ್ತ ಇದ್ದಳು.

ಫೋಟೋ ಹುಡುಕಿದೆ. ಮದುವೆಯ ಆಲ್ಬಮ್ಮಿನಲ್ಲಿ ಹೆಂಡತಿ ಸೆರಗು ಹೊದ್ದು ತಲೆ ತಗ್ಗಿಸಿ ಕುಳಿತಿದ್ದಳು. ಬೋರಮಾಳ ಸೆರಗಿನೊಳಗೆ. ಹಂಡೆ ಯಾರದೋ ಕಾಲ ಹಿಂದೆ. ಕಳುವಾದ ಯಾವ ಸಾಮಾನಿನದೂ ಚೊಕ್ಕ ಫೋಟೋ ಇರಲಿಲ್ಲ. ಚೊಕ್ಕಾಗಿ ಕಂಡದ್ದು ಒಂದೇ, ಅವ್ವನ ಬೆಳ್ಳಿಯ ಕರಡಿಗೆ. ನಮ್ಮಲ್ಲಿ ತೀರಿಕೊಂಡವರನ್ನು ವಿಭೂತಿ ಹಚ್ಚಿ, ಹೂವು ಹಾಕಿ, ಕೂಡ್ರಿಸಿ ಫೋಟೋ ತೆಗೆಸುತ್ತೇವೆ. ಆ ಫೋಟೋದಲ್ಲಿ ಅವ್ವನ ಎದೆಯ ಮೇಲೆ, ಲಿಂಗ ಇಟ್ಟುಕೊಳ್ಳುವ ಆ ದುಂಡನೆಯ ಕರಡಿಗೆ, ಅದರ ವಾರೆಯಾದ ಕೊಂಡಿ ಕೂಡ, ಎದ್ದು ಕಾಣುತ್ತಿತ್ತು.

ಕರಡಿಗೆ ಕಳುವಾಗಿರಲಿಲ್ಲ. 'ಲಿಂಗ ನನ್ನ ಕೂಡ ಬರ್ಲಿ, ಕರಡಿಗಿ ಮಗಳಿಗಿ ಕೊಡು' ಎಂದು ಅವ್ವ ನನಗೇ ಹೇಳಿದ್ದಳು. ಸಮಾಧಿಯ ಕುಣಿಯಲ್ಲಿ ಇಳಿದು, ಲಿಂಗವನ್ನು ಅವ್ವನ ಎಡ ಅಂಗೈಯಲ್ಲಿ ಇಟ್ಟು, ಬರಿದಾದ ಕರಡಿಗೆಯನ್ನು ಮೇಲೆ ನಿಂತಿದ್ದ ತಂಗಿಗೆ ಕೊಟ್ಟವನು ನಾನೇ. ಅಂದಿನಿಂದ ಅವಳು ತನ್ನ ಲಿಂಗವನ್ನು ಅದರಲ್ಲಿಟ್ಟು ಕೊರಳಿಗೆ ಕಟ್ಟಿಕೊಂಡಿದ್ದಳು.

ಮೆಟ್ರಿಕ್ ಮುಗಿಸಿದಾಗಿನಿಂದ ನಿವೃತ್ತಿಯವರೆಗೆ ನಾನು ಕಾರ್ಖಾನೆಯ ಸ್ಟೋರ್ ಗುಮಾಸ್ತ. ಪುಸ್ತಕದಲ್ಲಿ ಇದ್ದದ್ದು ಇದೆ, ಇಲ್ಲದ್ದು ಇಲ್ಲ ಎಂಬುದೇ ನನ್ನ ವಿದ್ಯೆ. ಗಟ್ಟಿ ಸಾಕ್ಷಿ ಇರುವ ಒಂದು ಸಾಮಾನು ಕಂಪನಿಗೆ ಕೊಡುವ ಕಳುವಿನ ಪಟ್ಟಿಯಲ್ಲಿದ್ದರೆ ಅದರ ಜೋಡಿ ಉಳಿದವನ್ನೂ ನಂಬುತ್ತಾರೆ ಎನಿಸಿತು. ಐದನೆಯ ಸಾಲಿನಲ್ಲಿ 'ಬೆಳ್ಳಿಯ ಕರಡಿಗೆ, ಒಂದು' ಎಂದು ಬರೆದೆ.

ಬರೆದ ಮೇಲೆ ಮನಸ್ಸು ಬೇರೆ ದಾರಿ ಹಿಡಿಯಿತು. ಅವ್ವ ಆ ಮಾತು ಆಡಿದ್ದು ಎಚ್ಚರಿದ್ದಾಗಲೇನು? ಕೊನೆಯ ದಿನಗಳಲ್ಲಿ ಹಾಸಿಗೆಯ ಹತ್ತಿರ ಕುಳಿತಿದ್ದವಳು ತಂಗಿಯೇ ಅಲ್ಲವೇ? ಅವಳೇ ಹೇಳಿಕೊಟ್ಟಿರಬಹುದು. ನಾಲ್ಕು ದಿನದಲ್ಲಿ ನನ್ನ ಸುಳ್ಳು ಸಾಲು ನನಗೇ ಅರ್ಧ ಖರೆ ಆಯಿತು.

ಮರುವಾರ ಸರ್ವೇಯರು ಬಂದರು. ಫೋಟೋ ಕೈಗೆ ತೆಗೆದುಕೊಂಡು, 'ಇದು ಪಸಂದ್ ಅದ ನೋಡ್ರಿ' ಎಂದರು. ಪಕ್ಕದ ಮನೆಯಾಕೆ ಹಿಟ್ಟಿನ ಜರಡಿ ಕೇಳಲು ಬಂದು ಬಾಗಿಲಲ್ಲಿ ನಿಂತಿದ್ದಳು. ಪಟ್ಟಿಯಲ್ಲಿ ಏನಿದೆ ಎಂದು ತಿಳಿಯದ ತಂಗಿ ಚಹಾ ತಂದಳು. ಬಗ್ಗಿ ಕಪ್ಪು ಇಡುವಾಗ ಕರಡಿಗೆ ಸೆರಗಿನಿಂದ ಹೊರಗೆ ಜೋತು ಬಿತ್ತು.

ಸರ್ವೇಯರು ಫೋಟೋ ನೋಡಿದರು, ಕೊಂಡಿ ನೋಡಿದರು.

'ಅಕ್ಕೋರ, ಕೊಳ್ಳಾಗಿಂದು ಯಾರದ್ರಿ?'

'ನಮ್ಮವ್ವಂದು' ಎಂದ ತಂಗಿ ನನ್ನ ಕಡೆ ನೋಡಿದಳು.

ಅವರು ಪೆನ್ನಿನ ಮುಚ್ಚಳ ತೆಗೆದರು. 'ಯಜಮಾನ್ರ, ಏನ್ ಬರೀಲಿ? ಕಳುವಾದದ್ದು ಮನ್ಯಾಗೇ ಸಿಕ್ಕದ ಅಂತ ಬರೀಲೇನು, ಕಳುವೇ ಆಗಿಲ್ಲ ಅಂತ ಬರೀಲೇನು?'

ಮೊದಲನೆಯದಕ್ಕೆ ತಂಗಿ ಕಳ್ಳಿ. ಎರಡನೆಯದಕ್ಕೆ ನಾನು ಸುಳ್ಳ, ಬೋರಮಾಳವೂ ಸುಳ್ಳು. ಎಲ್ಲರೂ ನನ್ನ ಬಾಯಿ ನೋಡುತ್ತಿದ್ದರು.

'ಸಿಕ್ಕದ ಅಂತ ಬರ್ಕೊಳ್ರಿ' ಎಂದೆ.

ತಂಗಿ ಒಳಗೆ ಹೋದಳು. ಸರ್ವೇಯರು ಹೋದ ಮೇಲೆ ಹೊರಗೆ ಬಂದಳು. ಲಿಂಗವನ್ನು ಬಿಳಿ ಅರಿವೆಯಲ್ಲಿ ಸುತ್ತಿ ಕೊರಳಿಗೆ ಕಟ್ಟಿಕೊಂಡಿದ್ದಳು. ಬರಿಯ ಕರಡಿಗೆಯನ್ನು ನನ್ನ ಪಟ್ಟಿಯ ಪ್ರತಿಯ ಮೇಲೆ ಇಟ್ಟಳು. 'ಸಿಕ್ಕದಲ್ಲ, ತಗೋ.' ಮರುದಿನ ಹೊಲಿಗೆ ಮಷಿನ್ ಹೊರಿಸಿಕೊಂಡು ಚಿತ್ತಾಪುರದ ಬಸ್ಸು ಹತ್ತಿದಳು. ಓಣಿಯಲ್ಲಿ ಆಗಲೇ, 'ಮನ್ಯಾಗಿನ ಬೆಕ್ಕೇ ಹಾಲು ಕುಡದದ' ಎಂಬ ಮಾತು ಹರಡಿತ್ತು. ಬೋರಮಾಳಕ್ಕೆ ಸಾಕ್ಷಿ ಸಾಲದೆಂದು ಕಂಪನಿ ಅರ್ಜಿ ಮುಚ್ಚಿತು.

ಎರಡು ವರ್ಷದ ಮೇಲೆ, ಕರಡಿಗೆಯನ್ನು ಕೈವಸ್ತ್ರದಲ್ಲಿ ಕಟ್ಟಿಕೊಂಡು ಚಿತ್ತಾಪುರಕ್ಕೆ ಹೋದೆ. ತಂಗಿ ಮಷಿನ್ ನಿಲ್ಲಿಸಲಿಲ್ಲ.

'ತಪ್ಪಾತು. ನಿಂದು ನೀ ತಗೋ.'

'ಲಿಂಗ ಅರಿವ್ಯಾಗ ಛಲೋ ಅದ. ಕರಡಿಗಿ ಯಾರಿಗಿ ಬೇಕಾಗ್ಯಾದ? ನೀ ಬರಸಿದ್ದು ಹೊಡದು ಹಾಕು.'

'ಕಂಪನಿ ಕಾಗದ ಅದು, ಹೆಂಗ ಹೊಡೀಲಿ?'

'ಬರಸಲಿಕ್ಕ ಬಾಯಿ ಇತ್ತಲ್ಲ ಅಣ್ಣಾ, ಹೊಡಸಲಿಕ್ಕಿಲ್ಲೇನು?'

ಊರಿಗೆ ಬಂದು, ಕರಡಿಗೆ ಕಳುವೇ ಆಗಿರಲಿಲ್ಲ ಎಂದು ಕಂಪನಿಗೂ ಠಾಣೆಗೂ ರಿಜಿಸ್ಟರ್ಡ್ ಅಂಚೆಯಲ್ಲಿ ಬರೆದು ಹಾಕಿದೆ. ಆಮೇಲೆ ಅಂದು ಬಾಗಿಲಲ್ಲಿ ನಿಂತು ಕೇಳಿದ್ದ ಪಕ್ಕದ ಮನೆಯಾಕೆಗೆ ಎಲ್ಲವನ್ನೂ ಬಿಡಿಸಿ ಹೇಳಿದೆ. ಆಕೆ ನನ್ನ ಕೈ ಹಿಡಿದು, 'ಇರ್ಲಿ ಬಿಡ್ರಿ ಕಾಕಾ. ಒಡಹುಟ್ಟಿದಾಕಿ ಮಾನ ಮುಚ್ಚಲಿಕ್ಕ ನೀವೇ ಮೈಮ್ಯಾಲ ಹಾಕ್ಕೊಳ್ಳಿಕತ್ತೀರಿ. ಭಾಳ ದೊಡ್ಡ ಮನಸ್ಸು' ಎಂದಳು.

ಆಣೆ ಮಾಡಿದೆ. ಆಣೆ ಮಾಡಿದಷ್ಟೂ ಆಕೆಯ ಸಂಶಯ ಗಟ್ಟಿಯಾಯಿತು. ಸುಳ್ಳನ್ನು ಒಂದೇ ಮಾತಿಗೆ ನಂಬಿದ ಓಣಿ, ಖರೆಗೆ ಸಾಕ್ಷಿ ಕೇಳುತ್ತಿದೆ. ಕರಡಿಗೆ ಅವ್ವನದೆಂದು ತೋರಿಸಲು ಫೋಟೋ ಇದೆ. ಅದನ್ನು ನಾನು ತಂಗಿಯ ಕೈಗೆ ಕೊಟ್ಟ ಗಳಿಗೆಯದು ಇಲ್ಲ. ಕುಣಿಯ ಹತ್ತಿರ ಯಾರೂ ಫೋಟೋ ತೆಗೆಯುವುದಿಲ್ಲ.

ಆದ್ದರಿಂದ ಬಾಯಿಮಾತು ಬಿಟ್ಟು ಕಾಗದ ಹಿಡಿದಿದ್ದೇನೆ. ಬರೆದದ್ದನ್ನು ನಂಬುವ ಜನ ಇದನ್ನೂ ನಂಬಲಿ. ಐದನೆಯ ಸಾಲನ್ನು ಹೀಗೆ ಓದಿಕೊಳ್ಳಬೇಕು: ಬೆಳ್ಳಿಯ ಕರಡಿಗೆ, ಒಂದು. ಕೊಂಡಿ ವಾರೆ. ಕಳುವಾಗಿರಲಿಲ್ಲ, ಆದ್ದರಿಂದ ಸಿಗಲೂ ಇಲ್ಲ. ತಾಯಿಯ ಮಾತಿನಂತೆ ತಂಗಿಗೆ ಕೊಟ್ಟವನು ನಾನು. ಈಗ ನನ್ನ ಟ್ರಂಕಿನಲ್ಲಿದೆ, ನನ್ನದಲ್ಲ.